ಹತ್ತು ನಿಮಿಷದಿಂದ ನೂರೈವತ್ತಕ್ಕೆ

ನಮ್ಮ ಮಸರಕಲ್ ಕಡೆ ಹಿರಿಯರ ಮುಂದೆ "ವ್ಯಾಯಾಮ ಶುರು ಮಾಡೀನಿ" ಅಂದ್ರೆ ನಗ್ತಾರೆ. "ಹೊಲಕ್ಕೆ ಬಾ, ಬೇಕಾದಷ್ಟು ಆಗ್ತದ" ಅಂತಾರೆ. ಅವರ ಮಾತಲ್ಲಿ ಅರ್ಥ ಇದೆ. ಹೊಲಕ್ಕೆ ನಡೆಯೋದು, ಭತ್ತದ ಚೀಲ ಎತ್ತೋದು, ಬಗ್ಗಿ ಕಳೆ ಕೀಳೋದು, ನೆಲದ ಮೇಲೆ ಕೂತು ಏಳೋದು ಎಲ್ಲ ಅವರ ದಿನದೊಳಗೇ ಇತ್ತು. ಲ್ಯಾಪ್‌ಟಾಪ್ ಮುಂದೆ ಎಂಟು-ಹತ್ತು ತಾಸು ಕೂರುವ ನಮಗೆ ಇವೆಲ್ಲ ಒಟ್ಟಿಗೇ ತಪ್ಪಿಹೋಗಿವೆ. ಹಾಗಾಗಿ ಬರೀ ವಾಕಿಂಗ್ ಅಥವಾ ಬರೀ ಜಿಮ್ ಅಂತ ಹಿಡಿದರೆ ಸಾಲೋದಿಲ್ಲ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ವಾಪಸ್ ತರಬೇಕು.

ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಮಾಡಬೇಕು. ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳಿಗೆ ಶಕ್ತಿ ಕೊಡುವ ವ್ಯಾಯಾಮ. ಮಧ್ಯಮ ವೇಗ ಅಂದ್ರೆ, ನಡೆಯುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಇದಕ್ಕೆ ಸ್ಮಾರ್ಟ್‌ವಾಚ್ ಬೇಕಿಲ್ಲ.

ನಮ್ಮಲ್ಲಿ ಹೆಚ್ಚಿನವರು ಬಿಡೋದು ಆ ಎರಡನೇ ಭಾಗವನ್ನ. "ನಾ ಏನು ಪೈಲ್ವಾನ್ ಆಗ್ಬೇಕೇನು?" ಅನ್ನೋ ಮಾತು ರೆಡಿ ಇರುತ್ತೆ. ಆದರೆ ಊಟ ಆದಮೇಲೆ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳೋದು ಸ್ನಾಯುಗಳೇ. ಮನೇಲಿ ಅಪ್ಪನಿಗೋ ಅವ್ವನಿಗೋ ಶುಗರ್ ಇದ್ದರೆ ನಮಗೂ ಬರುವ ಸಾಧ್ಯತೆ ಹೆಚ್ಚು. ಮೂವತ್ತರ ವಯಸ್ಸಲ್ಲಿ ತೊಡೆ, ಬೆನ್ನು ಗಟ್ಟಿ ಮಾಡಿಕೊಳ್ಳೋದು ಶೋಕಿಗಲ್ಲ.

ಇನ್ನು ಶುರು ಮಾಡೋ ರೀತಿ. ಕಾರಹುಣ್ಣಿಮೆಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಟನ್‌ಗಟ್ಟಲೆ ಭಾರದ ಕಲ್ಲು ಎಳೆಯೋದನ್ನ ನೋಡಿರ್ತೀರಿ. ಕೊಟ್ಟಿಗೆಯಲ್ಲಿ ಸುಮ್ಮನೆ ಕಟ್ಟಿಹಾಕಿದ್ದ ಎತ್ತನ್ನು ಯಾವ ರೈತನೂ ನೇರ ಆ ಕಲ್ಲಿಗೆ ಹೂಡೋದಿಲ್ಲ. ನಾವು ಮಾತ್ರ ನಮ್ಮ ಮೈಗೆ ಅದನ್ನೇ ಮಾಡ್ತೀವಿ. ಮೊದಲ ದಿನವೇ ಐದು ಕಿಲೋಮೀಟರ್ ಓಟ, ಐವತ್ತು ಬಸ್ಕಿ. ಮರುದಿನ ಮೆಟ್ಟಿಲು ಇಳಿಯೋಕೂ ಆಗಲ್ಲ. ನಾಲ್ಕನೇ ದಿನ ಶೂ ಕಪಾಟಿಗೆ. ಸ್ನಾಯು ಬೇಗ ಹೊಂದಿಕೊಂಡರೂ ಅದನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುಗಳಿಗೆ ಇನ್ನೂ ಹೆಚ್ಚು ಸಮಯ ಬೇಕು. ಅದಕ್ಕೇ ನಿಧಾನ.

ನಡಿಗೆಯ ಲೆಕ್ಕ ಸುಲಭ. ಮೊದಲ ವಾರ ದಿನಕ್ಕೆ 10 ನಿಮಿಷ, ವಾರಕ್ಕೆ 5 ದಿನ. ಆಮೇಲೆ ಪ್ರತಿ ವಾರ 5 ನಿಮಿಷ ಸೇರಿಸ್ತಾ ಹೋಗಿ. ಐದನೇ ವಾರಕ್ಕೆ ದಿನಕ್ಕೆ 30 ನಿಮಿಷ ಆಗುತ್ತೆ, ಅಂದ್ರೆ ವಾರಕ್ಕೆ 150. ಕಾಲಲ್ಲಿ ಮಾತಾಡ್ತಾ ನಡೆದರೂ ನಡೆಯುತ್ತೆ, ವೇಗ ಇಳಿಯದಿದ್ದರೆ ಸಾಕು.

ಮಂಗಳವಾರ ಮತ್ತು ಶುಕ್ರವಾರ 15 ನಿಮಿಷ ಶಕ್ತಿಯ ವ್ಯಾಯಾಮ:

• ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು. ಸುಲಭ ಅನಿಸಿದಾಗ ಕುರ್ಚಿ ತೆಗೆದು ಬಸ್ಕಿ.
• ಗೋಡೆಗೆ ಕೈಯಿಟ್ಟು ಪುಷ್-ಅಪ್. ಆಮೇಲೆ ಗಟ್ಟಿ ಟೇಬಲ್, ಕೊನೆಗೆ ನೆಲ.
• ಬ್ಯಾಗಿಗೆ ನಾಲ್ಕು ಪುಸ್ತಕ ತುಂಬಿ, ಬೆನ್ನು ನೇರ ಇಟ್ಟು ಮುಂದಕ್ಕೆ ಬಾಗಿ, ಹೊಟ್ಟೆಯ ಕಡೆ ಎಳೆಯೋದು.
• ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಮೇಲೆತ್ತೋದು.

ಪ್ರತಿಯೊಂದೂ 8 ಸಲ, ಎರಡು ಸುತ್ತು. ಇನ್ನೂ ಎರಡು ಮಾಡಬಹುದು ಅನ್ನೋವಾಗಲೇ ನಿಲ್ಲಿಸಿ. ಉಸಿರು ಬಿಗಿ ಹಿಡಿಯಬೇಡಿ, ಬಿಪಿ ಇದ್ದವರಂತೂ ಹಿಡಿಯಲೇಬಾರದು. ಮುಗಿದ ಮೇಲೆ ಮೈ ಬೆಚ್ಚಗಿರುವಾಗಲೇ ತೊಡೆ, ಮೀನಖಂಡ, ಭುಜಗಳನ್ನು 5 ನಿಮಿಷ ಹಿಗ್ಗಿಸಿ. ಹಲ್ಲುಜ್ಜುವಾಗ ಒಂದೊಂದೇ ಕಾಲ ಮೇಲೆ ನಿಂತರೆ ಸಮತೋಲನದ ಅಭ್ಯಾಸವೂ ಆಯ್ತು. ಭಾನುವಾರ ರಜೆ. ವಿಶ್ರಾಂತಿಯಲ್ಲೇ ಸ್ನಾಯು ಸುಧಾರಿಸಿಕೊಳ್ಳೋದು.

ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತೆ. ಊರಲ್ಲಿದ್ದೇ ಕೆಲಸ ಮಾಡೋರು ಹೊತ್ತು ಏರುವ ಮೊದಲೇ ನಡಿಗೆ ಮುಗಿಸಿ, ಬಂದು ನೀರೋ ಮಜ್ಜಿಗೆಯೋ ಕುಡೀರಿ. ಬೆಂಗಳೂರಿನ ಫ್ಲ್ಯಾಟ್‌ನಲ್ಲಿರೋರಿಗೆ ಮಳೆ ಬಂದರೆ ಪಾರ್ಕಿಂಗ್ ಜಾಗವೂ ಸಾಕು.

ಮೊದಲೆರಡು ವಾರ ಸ್ವಲ್ಪ ಮೈಕೈ ನೋವು ಸಹಜ. ಒಂದೆರಡು ದಿನ ಹೆಚ್ಚಿದ್ದು, ಆಮೇಲೆ ತಾನೇ ಇಳಿಯುತ್ತೆ. ಕೀಲಿನಲ್ಲಿ ಚುಚ್ಚುವ ನೋವು, ಎದೆ ಬಿಗಿತ, ತಲೆಸುತ್ತು ಮಾತ್ರ ಸಹಜ ಅಲ್ಲ. ನಿಲ್ಲಿಸಿ, ಡಾಕ್ಟರ್ ಹತ್ರ ಹೋಗಿ. ಶುಗರ್, ಬಿಪಿ ಮಾತ್ರೆ ತಗೊಳ್ಳೋರು ಶುರು ಮಾಡುವ ಮೊದಲೇ ಒಮ್ಮೆ ಕೇಳೋದು ಒಳ್ಳೇದು.

ಇನ್ನೊಂದು ಮಾತು. ತೂಕದ ಯಂತ್ರವನ್ನು ದಿನಾ ಹತ್ತಬೇಡಿ, ಆರು ವಾರದಲ್ಲಿ ಅದು ಏನೂ ಹೇಳದೇ ಇರಬಹುದು. ಅದರ ಬದಲು ಇವತ್ತೇ, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರೋಕೆ ಆಗುತ್ತೆ ಅಂತ ಎಣಿಸಿ, ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಒಂದು ವಾರ ರಿಲೀಸ್ ಗದ್ದಲದಲ್ಲಿ ಎಲ್ಲ ತಪ್ಪಿಹೋದರೆ ಬೇಜಾರಾಗಬೇಡಿ, ಹಿಂದಿನ ವಾರದ ಲೆಕ್ಕದಿಂದಲೇ ಮತ್ತೆ ಹಿಡೀರಿ. ಆರು ವಾರ ಆದಮೇಲೆ ಅದೇ ಕುರ್ಚಿ, ಅದೇ 30 ಸೆಕೆಂಡು, ಇನ್ನೊಮ್ಮೆ ಎಣಿಸಿ ನೋಡ್ರಿ.