ನಗಿಸಿದ ಅಪರ್ಣಾ ಮತ್ತು ನಮ್ಮೂರ ಮೈಕ್ ಲೆಕ್ಕ

ಮಗನ ಮನೆಗೆ, ಆಸ್ಪತ್ರೆಗೆ, ಅಂಗಡಿ ಸಾಮಾನಿಗೆ ಅಂತ ಬೆಂಗಳೂರಿಗೆ ಹೋಗಿಬರುವ ನಮ್ಮ ಹಿರೇಗುಂಟನೂರು ಹೋಬಳಿಯ ಬಹಳ ಮಂದಿ ಈಗೀಗ ಮೆಜೆಸ್ಟಿಕ್ ತನಕ ಬಸ್ಸಿನಲ್ಲಿ ಕೂರುವುದಿಲ್ಲ. ತುಮಕೂರು ರಸ್ತೆಯಲ್ಲೇ ಇಳಿದು, ಚೀಲ ಹೆಗಲಿಗೇರಿಸಿ ಮೆಟ್ರೋ ಹತ್ತಿಬಿಡುತ್ತಾರೆ. ಅಲ್ಲಿ ಕಂಡಕ್ಟರನ ಸೀಟಿ ಇಲ್ಲ, ‘ರೈಟ್ ರೈಟ್’ ಇಲ್ಲ, ‘ಮುಂದಕ್ಕೆ ಹೋಗ್ರಿ, ಒಳಗೆ ಜಾಗ ಐತೆ’ ಅನ್ನುವ ಸುಳ್ಳೂ ಇಲ್ಲ. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆಗೆ ತೆರೆಯುತ್ತೆ ಅಂತ ಒಬ್ಬ ಹೆಣ್ಣುಮಗಳು ನಿಧಾನಕ್ಕೆ, ಬಿಡಿಬಿಡಿಯಾಗಿ, ಕನ್ನಡದಲ್ಲಿ ಹೇಳುವುದು ಮಾತ್ರ ಕೇಳುತ್ತಿತ್ತು. ಆ ದನಿ ಅಪರ್ಣಾ ಅವರದು.

2024ರ ಜುಲೈ 11ರ ರಾತ್ರಿ ಅಪರ್ಣಾ ತೀರಿಕೊಂಡರು. ಶ್ವಾಸಕೋಶದ ಕ್ಯಾನ್ಸರ್. ವಯಸ್ಸು 57. ಸುಮಾರು ಎರಡು ವರ್ಷ ಆ ಕಾಯಿಲೆ ಮೈಯಲ್ಲಿಟ್ಟುಕೊಂಡೇ ಬದುಕಿದ್ದರು ಅನ್ನುವುದು ಹೊರಗಿನವರಿಗೆ ಗೊತ್ತಾಗಿದ್ದು ಆಮೇಲೆ, ಅವರ ಪತಿ, ಲೇಖಕ ನಾಗರಾಜ ವಸ್ತಾರೆ ಹೇಳಿದಾಗ. ಮಾರನೇ ದಿನ ಬೆಳಗ್ಗೆ ಮೆಟ್ರೋ ಹತ್ತಿದವರಿಗೆ ಅದೇ ದನಿ ನಿಲ್ದಾಣ ಹೇಳುತ್ತಿತ್ತು. ಪೇಪರಿನಲ್ಲಿ ಸಾವಿನ ಸುದ್ದಿ, ಕಿವಿಯಲ್ಲಿ ಸತ್ತವರ ದನಿ. ಜನ ತಲೆಯೆತ್ತಿ ರೈಲಿನ ಚಾವಣಿ ನೋಡಿದ್ದರೆ ಆಶ್ಚರ್ಯವಿಲ್ಲ.

ನಮ್ಮೂರ ಟೀ ಅಂಗಡಿಯಲ್ಲಿ ಆ ದಿನ ಸುದ್ದಿ ಬಂದದ್ದು ಬೇರೆ ರೀತಿ. ‘ಏನಣ್ಣಾ, ವರಲಕ್ಷ್ಮಿ ಹೋಗ್ಬಿಟ್ಲಂತೆ?’ ಅಂದ ಒಬ್ಬ. ಅಪರ್ಣಾ ಅಂದರೆ ಅವನಿಗೆ ಗೊತ್ತೇ ಇರಲಿಲ್ಲ. ‘ಮಜಾ ಟಾಕೀಸ್’ನ ವರಲಕ್ಷ್ಮಿ ಅಂದರೆ ಗೊತ್ತು. ತನ್ನನ್ನು ತಾನೇ ‘ಒನ್ ಅಂಡ್ ಓನ್ಲಿ’ ಅಂತ ಕರೆದುಕೊಂಡು, ಮೈತುಂಬ ಅಲಂಕಾರ, ಬಾಯಿತುಂಬ ಬಡಾಯಿ ಹೊತ್ತು ಬರುತ್ತಿದ್ದ ವರಲಕ್ಷ್ಮಿ.

ಅದೇ ಟೀ ಅಂಗಡಿಯಲ್ಲಿ 2015ರಲ್ಲಿ ಒಂದು ಜಗಳ ಆಗಿತ್ತು. ಜಗಳ ಅಂದರೆ ಹೊಡೆದಾಟ ಅಲ್ಲ, ಎರಡು ಟೀ ಹೆಚ್ಚಿಗೆ ಖರ್ಚಾಗುವಂಥ ವಾದ. ‘ದೂರದರ್ಶನದಲ್ಲಿ ಅಷ್ಟು ಗಂಭೀರವಾಗಿ ಇದ್ದ ಹೆಣ್ಮಗಳು, ಈ ವಯಸ್ಸಲ್ಲಿ ಇದೇನ್ ಹಿಂಗೆ ಕುಣೀತಾರೆ? ಇದೆಲ್ಲ ಬೇಕಿತ್ತಾ ಅವ್ರಿಗೆ?’ ಅಂತ ದನಿ ಎತ್ತಿದವನು ಬೇರೆ ಯಾರೂ ಅಲ್ಲ, ಈ ಅಂಕಣ ಬರೆಯುತ್ತಿರುವ ನಾನೇ. ಪಕ್ಕದ ದಿನಸಿ ಅಂಗಡಿ ಯಜಮಾನರು ‘ನಮ್ಮನೇಲಿ ಶನಿವಾರ ಭಾನುವಾರ ಆದ್ರೆ ನಮ್ಮವ್ವ ಮಾತ್ರೆ ನುಂಗೋದು ಮರ್ತು ನಗ್ತಾಳೆ, ನಿಂಗೇನ್ ಕಷ್ಟ?’ ಅಂತ ಬಾಯಿ ಮುಚ್ಚಿಸಿದ್ದರು. ಅವರು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ಆ ತಪ್ಪು ಯಾಕೆ ಅಂತ ಈಗ ಹೇಳುತ್ತೇನೆ, ಕೇಳಿ.

ಅಪರ್ಣಾ ಹುಟ್ಟಿದ್ದು 1966ರಲ್ಲಿ, ಪಂಚನಹಳ್ಳಿಯಲ್ಲಿ. ಪಂಚನಹಳ್ಳಿ ಕಡೂರು ತಾಲ್ಲೂಕು. ಕಡೂರು ಅಂದರೆ ನಮ್ಮ ಹೊಸದುರ್ಗಕ್ಕೆ ಬೇಲಿ ಹಚ್ಚಿದ ತಾಲ್ಲೂಕು. ಬೆಳೆದದ್ದು ಬೆಂಗಳೂರು. ಮೊದಲು ಬಣ್ಣ ಹಚ್ಚಿದ್ದು ‘ಮಸಣದ ಹೂವು’ ಚಿತ್ರಕ್ಕೆ. ಪುಟ್ಟಣ್ಣ ಕಣಗಾಲರ ಕಟ್ಟಕಡೆಯ ಸಿನಿಮಾ ಅದು. 1985ರಲ್ಲಿ ಪುಟ್ಟಣ್ಣ ತೀರಿಹೋದರು. ಆ ಚಿತ್ರದ ಕಥೆ ಯಾರದ್ದು? ನಮ್ಮ ತ.ರಾ.ಸು. ಅವರದ್ದು! 1972ರಲ್ಲಿ ‘ನಾಗರಹಾವು’ ಮಾಡಲು ಇದೇ ಪುಟ್ಟಣ್ಣ ನಮ್ಮ ಕೋಟೆಯ ಕಲ್ಲು ಹತ್ತಿದ್ದರು. ರಾಮಾಚಾರಿಯೂ ತ.ರಾ.ಸು. ಮಗನೇ, ‘ಮಸಣದ ಹೂವು’ ಕೂಡ ಅವರದ್ದೇ. ರಾಮಾಚಾರಿಯನ್ನು ದುರ್ಗದವನು ಅಂತ ನಾವು ಹೆಗಲ ಮೇಲೆ ಹೊತ್ತು ಮೆರೆಸಿದೆವು. ತ.ರಾ.ಸು. ಕಥೆಯಿಂದಲೇ ತೆರೆಗೆ ಬಂದ ಈ ಹುಡುಗಿಯನ್ನು ನಮ್ಮವಳು ಅಂತ ಯಾರೂ ಅನ್ನಲಿಲ್ಲ. ಇರಲಿ.

ಸಿನಿಮಾದಲ್ಲಿ ದೊಡ್ಡ ಗೆರೆ ಎಳೆಯುವುದಕ್ಕೆ ಮೊದಲೇ ಅವರು ಟಿ.ವಿ. ಕಡೆ ಹೊರಳಿದರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ನಮ್ಮ ಕಡೆಗೆ ಅದರ ಬೆಳಕು ತಲುಪಿದ್ದು ಆಮೇಲೆ. ಆ ದಿನಗಳನ್ನು ಕಂಡವರಿಗೆ ವಿವರಿಸಬೇಕಿಲ್ಲ. ಕೇರಿಗೊಂದು ಮನೆಯಲ್ಲಿ ಕಪ್ಪು ಬಿಳುಪು ಡಬ್ಬ, ಮಾಳಿಗೆ ಮೇಲೆ ಬಾವುಟದ ಹಾಗೆ ಆಂಟೆನಾ, ಅದನ್ನು ತಿರುಗಿಸಲು ಒಬ್ಬ ಹುಡುಗ. ‘ಬಂತಾ?’ ಅಂತ ಅವನು ಮೇಲಿಂದ, ‘ಇನ್ನೊಂಚೂರು ತಿರುವೋ’ ಅಂತ ಇವರು ಕೆಳಗಿಂದ. ಚಿತ್ರಮಂಜರಿಗೆ, ಭಾನುವಾರದ ಸಿನಿಮಾಕ್ಕೆ ಜಗಲಿ ತನಕ ಜನ. ಹಾಡಿಗೂ ಹಾಡಿಗೂ ನಡುವೆ, ಕಾರ್ಯಕ್ರಮಕ್ಕೂ ಕಾರ್ಯಕ್ರಮಕ್ಕೂ ನಡುವೆ ಒಂದು ಮುಖ ಬಂದು ನಮಸ್ಕಾರ ಹೇಳುತ್ತಿತ್ತು. ಮುಂದೆ ‘ಚಂದನ’ ಅಂತ ಹೆಸರಾದ ಆ ವಾಹಿನಿಯ ಮುಖಗಳಲ್ಲಿ ಅಪರ್ಣಾ ಒಬ್ಬರು. ನಿರೂಪಕಿ ಎಂಬ ಪದವೇ ಆಗ ಹೊಸದು. ಹಳ್ಳಿಯ ಮುದುಕಿಯರು ತಿರುಗಿ ‘ನಮಸ್ಕಾರ ಕಣವ್ವಾ’ ಅನ್ನುತ್ತಿದ್ದರು. ಟಿ.ವಿ.ಯೊಳಗಿನವರಿಗೆ ಕೇಳಿಸುತ್ತೆ ಅಂತಲೇ ನಂಬಿದ್ದರೋ, ಮನೆಗೆ ಬಂದವರಿಗೆ ಉತ್ತರ ಕೊಡದಿದ್ದರೆ ಮರ್ಯಾದೆ ಅಲ್ಲ ಅಂತಲೋ, ಅವರನ್ನೇ ಕೇಳಬೇಕಿತ್ತು.

ಆಕಾಶವಾಣಿಯಲ್ಲೂ ಮಾತಾಡಿದರು. ಧಾರಾವಾಹಿಗಳಲ್ಲಿ ನಟಿಸಿದರು. 1998ರ ದೀಪಾವಳಿಗೆ ಎಂಟು ಗಂಟೆ ಎಡೆಬಿಡದೆ ಒಂದೇ ಕಾರ್ಯಕ್ರಮ ನಡೆಸಿಕೊಟ್ಟರು. ಎಂಟು ಗಂಟೆ ಅಂದರೆ ಅಂಗಡಿಯವರಿಗೆ ಗೊತ್ತಾಗುತ್ತೆ, ಸಂತೆ ದಿನ ಗಲ್ಲಾದ ಮುಂದೆ ನಿಂತ ಹಾಗೆ. ಅದೂ ಒಂದು ತಪ್ಪು ಕಾಗುಣಿತ ಬಾಯಿಂದ ಬೀಳದ ಹಾಗೆ, ಮುಖದ ನಗು ಬಾಡದ ಹಾಗೆ. ರಾಜ್ಯದ ಉದ್ದಗಲಕ್ಕೂ ಸರ್ಕಾರಿ ಸಮಾರಂಭ, ಉತ್ಸವ, ಪ್ರಶಸ್ತಿ ಪ್ರದಾನ ಅಂತ ಸಾವಿರಾರು ವೇದಿಕೆಗಳಲ್ಲಿ ಅವರೇ. 2013ರಲ್ಲಿ ಕನ್ನಡದ ಮೊದಲ ‘ಬಿಗ್ ಬಾಸ್’ ಮನೆಗೂ ಹೋಗಿ ಬಂದರು. ಅದು ನನಗೆ ಅಷ್ಟಕ್ಕಷ್ಟೆ, ಆ ಸುದ್ದಿ ಇಲ್ಲಿಗೇ ಬಿಡೋಣ.

ಇನ್ನು ವರಲಕ್ಷ್ಮಿ. 2015ರ ಫೆಬ್ರವರಿಯಲ್ಲಿ ಸೃಜನ್ ಲೋಕೇಶ್ ‘ಮಜಾ ಟಾಕೀಸ್’ ಶುರು ಮಾಡಿದಾಗ ಅಪರ್ಣಾಗೆ 48 ವರ್ಷ. ಆ ವಯಸ್ಸಿನ ಹೆಂಗಸಿಗೆ ನಮ್ಮ ಟಿ.ವಿ.ಯಲ್ಲಿ ಸಿಗುವುದು ಎರಡೇ ಕೆಲಸ. ಒಂದು, ಸೊಸೆಗೆ ವಿಷ ಹಾಕುವ ಅತ್ತೆ. ಎರಡು, ದೇವರ ಮುಂದೆ ಕಣ್ಣೀರು ಹಾಕುವ ಅಮ್ಮ. ಇವರು ಮೂರನೆಯದನ್ನು ಹಿಡಿದರು. ಕುರಿ ಪ್ರತಾಪ್, ಶ್ವೇತಾ ಚಂಗಪ್ಪ ಅಂಥವರ ಮಧ್ಯೆ ನಿಂತು ನಗಿಸುವುದು ಹುಡುಗಾಟ ಅಲ್ಲ.

ನಾನು ಆಗ ಅಂದುಕೊಂಡಿದ್ದೆ, ಈಕೆ ಮೂವತ್ತು ವರ್ಷದ ಗಾಂಭೀರ್ಯ ಮಾರಿಕೊಂಡರು ಅಂತ. ಆಮೇಲೆ ಹಳೆಯ ಕಂತುಗಳನ್ನು ಮೊಬೈಲಿನಲ್ಲಿ ಕೂತು ನೋಡಿದೆ. ಮಾರಿಕೊಂಡಿರಲಿಲ್ಲ ಸ್ವಾಮಿ, ಹೂಡಿದ್ದರು! ನಿರೂಪಕಿಗೆ ಬೇಕಾದದ್ದು ಏನು? ಉಸಿರು ಎಲ್ಲಿ ತೆಗೆಯಬೇಕು, ಮಾತು ಎಲ್ಲಿ ನಿಲ್ಲಿಸಬೇಕು, ಎದುರಿಗಿದ್ದವರು ಚಪ್ಪಾಳೆ ಮುಗಿಸುವ ತನಕ ಹೇಗೆ ಕಾಯಬೇಕು. ಹಾಸ್ಯದವರಿಗೆ ಬೇಕಾದದ್ದೂ ಅದೇ. ಚಪ್ಪಾಳೆ ಜಾಗಕ್ಕೆ ನಗು, ಅಷ್ಟೇ ವ್ಯತ್ಯಾಸ. ನಗು ಏರುತ್ತಿರುವಾಗ ಮಾತು ಹಾಕಿದರೆ ಮಾತೂ ಹಾಳು, ನಗೂ ಹಾಳು. ವರಲಕ್ಷ್ಮಿ ಬಡಾಯಿ ಕೊಚ್ಚುವಾಗ ಒಂದು ಗುಲಗಂಜಿಯಷ್ಟೂ ನಗುತ್ತಿರಲಿಲ್ಲ. ತಾನು ಹೇಳುತ್ತಿರುವುದು ಅಪ್ಪಟ ಸತ್ಯ ಅನ್ನುವ ಮುಖ. ಅಂಥ ಮುಖಕ್ಕೆ ಅಭ್ಯಾಸ ಆದದ್ದು ಎಲ್ಲಿ? ಮಂತ್ರಿಗಳು ಎರಡು ಗಂಟೆ ತಡವಾಗಿ ಬಂದರೂ ‘ಮಾನ್ಯರು ಇನ್ನೇನು ಆಗಮಿಸಲಿದ್ದಾರೆ’ ಅಂತ ಹೇಳಬೇಕಾದ ವೇದಿಕೆಗಳಲ್ಲಿ ಅಂತ ನನ್ನ ಗುಮಾನಿ.

ಇನ್ನೊಂದು ಮಾತು. ನಮ್ಮ ಕಡೆಯವರಿಗೆ ಹಕಾರ ಅಂದರೆ ಹಾಗಲಕಾಯಿ. ಹಾಲು ಆಲು ಆಗುತ್ತೆ, ಹಾಸನ ಆಸನ ಆಗುತ್ತೆ. ನಮ್ಮೂರ ಹೆಸರನ್ನೇ ‘ಇರೇಗುಂಟ್ನೂರ್, ಇರೇಗುಂಟ್ನೂರ್’ ಅಂತ ಕೂಗದ ಕಂಡಕ್ಟರ್ ಇದ್ದರೆ ತೋರಿಸಿ. ನಾನು ಇದನ್ನು ತಪ್ಪು ಅನ್ನುವುದಿಲ್ಲ, ಅದು ನಮ್ಮ ನೆಲದ ನುಡಿ. ಆದರೆ ಅಕ್ಷರ ಅಕ್ಷರವನ್ನೂ ತೂಗಿ ಆಡುವ ನಾಲಗೆಯೊಂದು ಬೇಕಂತಲೇ ಇಂಗ್ಲಿಷು ಬೆರೆಸಿ ಜಂಬ ಕೊಚ್ಚಿದಾಗ ಹುಟ್ಟುವ ತಮಾಷೆ ಬೇರೆ ಯಾರಿಂದಲೂ ಆಗದು. ಸೊಟ್ಟ ಗೆರೆ ಎಳೆಯಬೇಕಾದರೆ ನೇರ ಗೆರೆ ಎಳೆಯಲು ಬರಬೇಕು. ಬಡಗಿಯನ್ನು ಕೇಳಿ, ಅವನೂ ಹೇಳುತ್ತಾನೆ.

ಹಾಗಂತ ಟಿ.ವಿ. ಹಾಸ್ಯವೆಲ್ಲ ಬಂಗಾರ ಅಂತಲ್ಲ. ಗಂಡಸು ಸೀರೆ ಉಟ್ಟು ಬಂದು ಹೆಂಗಸರ ಮೈಕಟ್ಟನ್ನು ಆಡಿಕೊಳ್ಳುವುದು, ದಪ್ಪಗಿದ್ದವರನ್ನು, ಕಪ್ಪಗಿದ್ದವರನ್ನು ಚುಚ್ಚುವುದು, ಇದಕ್ಕೆ ಹಿಂದೆಯಿಂದ ನಗುವಿನ ಟೇಪು ಹಾಕುವುದು ಎಲ್ಲವೂ ನಡೆದಿದೆ. ಮನೆಮಂದಿ ಕೂತು ನೋಡುವಾಗ ರಿಮೋಟ್ ಹುಡುಕುವ ಪರಿಸ್ಥಿತಿ. ಆದರೆ ವರಲಕ್ಷ್ಮಿಯಲ್ಲಿ ನಗು ಬರುತ್ತಿದ್ದದ್ದು ಅವಳ ಜಂಬದಿಂದ. ಜಂಬ ನಮ್ಮೆಲ್ಲರ ಮನೆಯಲ್ಲೂ ಇದೆ. ಮದುವೆಗೆ ಬಂದು ‘ನಮ್ಮ ಬೆಂಗಳೂರಲ್ಲಿ ಹಿಂಗಿಲ್ಲಪ್ಪ’ ಅನ್ನುವ ಚಿಕ್ಕಮ್ಮ ಯಾರ ಮನೆಯಲ್ಲಿಲ್ಲ?

ಹೆಂಗಸು ನಗಿಸಿದರೆ ನಮಗೇಕೋ ಕಸಿವಿಸಿ. ಗಂಡಸು ನಗಿಸಿದರೆ ಹಾಸ್ಯಚಕ್ರವರ್ತಿ, ಹೆಂಗಸು ನಗಿಸಿದರೆ ‘ಅವಳಾ?’. ದಾವಣಗೆರೆ 1997ರ ತನಕ ನಮ್ಮ ಜಿಲ್ಲೆಯೇ. ಅಲ್ಲಿಯ ಚಿಂದೋಡಿ ಲೀಲಾ ‘ಹಳ್ಳಿ ಹುಡುಗಿ’ಯಾಗಿ ಕ್ಯಾಂಪಿನಿಂದ ಕ್ಯಾಂಪಿಗೆ ಟೆಂಟು ಭರ್ತಿ ಮಾಡಿಸಿದರು. 1988ರಲ್ಲಿ ಪದ್ಮಶ್ರೀ ಬಂದಮೇಲೆ ಎಲ್ಲರೂ ‘ನಮ್ಮ ಲೀಲಮ್ಮ’ ಅಂದರು. ಅದಕ್ಕೆ ಮುಂಚೆ ಎಷ್ಟು ಮನೆಯವರು ಕಂಪನಿ ನಾಟಕದ ಹೆಣ್ಣುಮಕ್ಕಳಿಗೆ ಬಾಡಿಗೆ ಮನೆ ಕೊಡುತ್ತಿದ್ದರು, ಹಿರಿಯರನ್ನು ಕೇಳಿ ನೋಡಿ. ತಿಪಟೂರು ಕಡೆಯ ನೊಣವಿನಕೆರೆಯ ಉಮಾಶ್ರೀ ಕಾಶೀನಾಥರ ‘ಅನುಭವ’ ಬಂದ 1984ರಿಂದ ವರ್ಷಗಟ್ಟಲೆ ತೆರೆಯ ಮೇಲೆ ನಗಿಸಿದರು. ಜನ ಶಿಳ್ಳೆ ಹಾಕಿದರೇ ಹೊರತು ನಟಿ ಅಂತ ಕೈ ಮುಗಿಯಲಿಲ್ಲ. ‘ಗುಲಾಬಿ ಟಾಕೀಸ್’ಗೆ ರಾಷ್ಟ್ರ ಪ್ರಶಸ್ತಿ ಬಂದಾಗ, 2013ರಲ್ಲಿ ಮಂತ್ರಿಯಾದಾಗ ನಮ್ಮ ನೋಟ ಬದಲಾಯಿತು. ಅವರೆಲ್ಲ ನಗಿಸಿ ಆಮೇಲೆ ಗೌರವ ಗಳಿಸಬೇಕಾಯಿತು. ಅಪರ್ಣಾ ತಿರುವುಮುರುವು. ಮೊದಲೇ ಗಳಿಸಿದ್ದ ಗೌರವವನ್ನು ತಂದು ನಗಿಸುವ ಪಾತ್ರದ ಮೇಲೆ ಇಟ್ಟರು. ಹೋದರೆ ಎಲ್ಲವೂ ಹೋಗುತ್ತಿತ್ತು. ಅದಕ್ಕೆ ಗುಂಡಿಗೆ ಬೇಕು.

ಸರಿ, ಇದನ್ನೆಲ್ಲ ಈಗ ಯಾಕೆ ಎತ್ತಿದೆ ಅಂತ ಕೇಳುತ್ತೀರಿ. ಮೊನ್ನೆ ನಮ್ಮ ಸುತ್ತಿನ ಒಂದು ಹಳ್ಳಿಯಲ್ಲಿ ಹಬ್ಬದ ಸಮಾರಂಭ. ಊರ ಹೆಸರು ಬೇಡ, ಎಲ್ಲ ಊರಲ್ಲೂ ಇದೇ ಕಥೆ. ಕಾಲೇಜು ಮುಗಿಸಿದ ಒಬ್ಬ ಹುಡುಗಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ನಿರೂಪಣೆ ಮಾಡಿದಳು. ಕರೆಂಟು ಎರಡು ಸಲ ಹೋಯಿತು, ಮೈಕಿಲ್ಲದೆಯೇ ಜನರನ್ನು ಹಿಡಿದು ಕೂರಿಸಿದಳು. ಭಾಷಣಕಾರರೊಬ್ಬರು ಇಳಿಯಲೊಲ್ಲರು, ನಗಿಸಿಯೇ ಇಳಿಸಿದಳು. ಹಿಂದಿನ ಸಾಲಿನಲ್ಲಿ ಒಬ್ಬರು ‘ಹುಡ್ಗಿ ಬಾಯಿ ಸ್ವಲ್ಪ ಜಾಸ್ತಿ’ ಅಂದರು. ಅವರೂ ಹೊಟ್ಟೆ ಹಿಡಿದು ನಕ್ಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಾರನೇ ದಿನ ಲೆಕ್ಕ ಮಂಡಿಸಿದರು. ಶಾಮಿಯಾನಕ್ಕೆ ಇಷ್ಟು, ಮೈಕ್ ಸೆಟ್ಟಿಗೆ ಇಷ್ಟು, ಜನರೇಟರಿಗೆ, ಹಾರ ತುರಾಯಿಗೆ, ಅಡಿಗೆಯವರಿಗೆ ಇಷ್ಟಿಷ್ಟು. ಹುಡುಗಿಗೆ? ಒಂದು ಶಾಲು, ಒಂದು ತೆಂಗಿನಕಾಯಿ. ಆಮೇಲೆ ಅವಳು ನನಗೆ ಸಿಕ್ಕಾಗ ನಗುತ್ತಲೇ ಅಂದಳು: ‘ಶಾಲು ನಮ್ಮನೇಲಿ ಏಳು ಅದಾವೆ ಸಾರ್. ರಾತ್ರಿ ಮನೆಗೆ ಹೋಗೋ ಆಟೋ ಚಾರ್ಜ್ ಕೊಟ್ಟಿದ್ರೆ ಸಾಕಿತ್ತು.’ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಅದು 2023ರಿಂದ ಇದೆ. ಆದರೆ ರಾತ್ರಿ ಹತ್ತರ ಮೇಲೆ ಹಳ್ಳಿಗೆ ಬಸ್ಸೇ ಇಲ್ಲವಲ್ಲ. ಆಟೋಕ್ಕೆ ಅಪ್ಪನ ಜೇಬಿಂದ ಕೊಟ್ಟಳಂತೆ. ಅಪ್ಪನೂ ‘ಇನ್ನೊಂದ್ಸಲ ಹೋದ್ರೆ ನೋಡು’ ಅಂದನಂತೆ.

ಅಪರ್ಣಾ ಮಾಡಿದ ದೊಡ್ಡ ಕೆಲಸ ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಮಾತಾಡುವುದನ್ನು, ಕೊನೆಗೆ ನಗಿಸುವುದನ್ನೂ, ಒಬ್ಬ ಹೆಂಗಸು ಕಸುಬು ಅಂತ ಹಿಡಿದು ತಲೆಯೆತ್ತಿ ಬದುಕಬಹುದು ಅಂತ ಮೂರು ದಶಕ ತೋರಿಸಿದರು. ಭೀಮಸಮುದ್ರದ ಅಡಿಕೆ ಮಂಡಿಯಲ್ಲಿ ತೂಕದವನಿಗೆ ಕೂಲಿ ಕೊಡದೆ ಶಾಲು ಹೊದಿಸಿ ಕಳಿಸುತ್ತೀರಾ? ಮಾತು ತೂಗುವವಳಿಗೆ ಮಾತ್ರ ಯಾಕೆ ಆ ಮರ್ಯಾದೆ?

ಸಮಿತಿಯ ಖಜಾಂಚಿ ನನಗೆ ಬೇಕಾದವರೇ. ಮೊನ್ನೆ ಅವರ ಅಂಗಡಿಗೆ ಹೋಗಿ, ರಾಜ್ಯೋತ್ಸವಕ್ಕಾದರೂ ಆ ಹುಡುಗಿಗೆ ಸಂಭಾವನೆ ಅಂತ ಇಟ್ಟು, ಮನೆ ತಲುಪಿಸುವ ವ್ಯವಸ್ಥೆ ಮಾಡ್ರಿ ಅಂದೆ. ಅವರು ತಕ್ಕಡಿ ಪಕ್ಕಕ್ಕಿಟ್ಟು ಬಹಳ ಹೊತ್ತು ಯೋಚಿಸಿ, ‘ಕೊಡೋಣ ಬಿಡಿ, ಆದ್ರೆ ಲೆಕ್ಕದಾಗೆ ಯಾವ ಬಾಬ್ತಿಗೆ ಬರೆಯೋದು?’ ಅಂದರು.

‘ಮೈಕ್ ಸೆಟ್ ಕೆಳಗೆ ಒಂದು ಸಾಲು ಖಾಲಿ ಐತಲ್ಲ’ ಅಂದೆ. ಪುಸ್ತಕ ತೆಗೆದು ನೋಡಿದರು. ಖಾಲಿ ಇತ್ತು.