ಪಿಎಫ್: 25ರ ಗದ್ದಲದಲ್ಲಿ ಮರೆತುಹೋದ 33.8

ಭವಿಷ್ಯ ನಿಧಿ ಸಂಸ್ಥೆಯ ಟ್ರಸ್ಟಿಗಳ ಮಂಡಳಿ 2025ರ ಅಕ್ಟೋಬರ್ 13ರಂದು ಕೈಗೊಂಡ ತೀರ್ಮಾನದ ಮೇಲೆ ನಡೆದ ಜಗಳವೆಲ್ಲ ಎರಡು ಅಂಕಿಗಳ ಸುತ್ತಲೇ ಗಿರಕಿ ಹೊಡೆಯಿತು. ಖಾತೆಯಲ್ಲಿ ಉಳಿಸಲೇಬೇಕಾದ ಶೇ 25, ಕೆಲಸ ಹೋದ ಮೇಲೆ ಪೂರ್ತಿ ಹಣಕ್ಕೆ ಕಾಯಬೇಕಾದ 12 ತಿಂಗಳು. ‘ಇಳಿವಯಸ್ಸಿಗೆ ಒಂದಿಷ್ಟಾದರೂ ಉಳಿಯಲಿ’ ಎಂದು ಸರ್ಕಾರದ ಪರ ಅಂಕಣಕಾರರು ಬರೆದರು. ‘ನಮ್ಮ ದುಡ್ಡು ಹಿಡಿಯಲು ನೀವ್ಯಾರು’ ಎಂದು ಎದುರಿನವರು ಕೇಳಿದರು. ಇಬ್ಬರೂ ಮುಟ್ಟದ ಅಂಕಿಯೊಂದಿದೆ: 33.8. ಅದು ಇಳಿಯುವವರೆಗೆ ಶೇ 25ನ್ನು ಹಿಡಿದಿಡುವ ಮಾತನ್ನು ಸಂಸ್ಥೆ ಆಡಬಾರದು.

ಸಂಸ್ಥೆಯದೇ ಲೆಕ್ಕ ಇದು. 2022–23ರಲ್ಲಿ ಪಿಎಫ್ ಅಂತಿಮ ಇತ್ಯರ್ಥ ಕೋರಿ ಬಂದ ಕ್ಲೇಮುಗಳು 73.87 ಲಕ್ಷ; ತಿರಸ್ಕೃತವಾದವು 24.93 ಲಕ್ಷ. ಶೇಕಡ 33.8. ತಮ್ಮದೇ ಸಂಬಳದಲ್ಲಿ ಮುರಿದುಕೊಂಡ ಹಣ ಕೇಳಲು ಹೋದ ಮೂವರಲ್ಲಿ ಒಬ್ಬರು ಬರಿಗೈಯಲ್ಲಿ ವಾಪಸ್. 2017–18ರಲ್ಲಿ ಈ ಪ್ರಮಾಣ ಶೇ 13ರ ಆಸುಪಾಸಿನಲ್ಲಿತ್ತು. ಅರ್ಜಿ ಆನ್‌ಲೈನ್ ಆಗಿ, ಆಧಾರ್ ಜೋಡಣೆಯಾಗಿ, ಎಲ್ಲವೂ ಸಲೀಸಾಯಿತು ಎಂದು ನಮಗೆ ಹೇಳುತ್ತಿದ್ದ ವರ್ಷಗಳಲ್ಲೇ ಅದು ಎರಡೂವರೆ ಪಟ್ಟಾಯಿತು.

ಇದಕ್ಕೆ ಅಧಿಕಾರಿಗಳ ಬಳಿ ಸಿದ್ಧ ಉತ್ತರವಿದೆ: ತಿರಸ್ಕಾರ ಎಂದರೆ ಹಣ ಹೋಯಿತೆಂದಲ್ಲ, ತಿದ್ದಿ ಮತ್ತೆ ಹಾಕಬಹುದು. ಸರಿ, ಹಾಕಬಹುದು. ಆದರೆ 1952ರ ಯೋಜನೆಯ 72(7)ನೇ ಪ್ಯಾರಾ ಓದಿ ನೋಡಿ. ಕ್ಲೇಮು 20 ದಿನದೊಳಗೆ ಇತ್ಯರ್ಥವಾಗಬೇಕು. ಸಕಾರಣವಿಲ್ಲದೆ ತಡವಾದರೆ ವರ್ಷಕ್ಕೆ ಶೇ 12ರ ದಂಡಬಡ್ಡಿ ಹಾಕಿ ಅದನ್ನು ಆಯುಕ್ತರ ಸಂಬಳದಿಂದಲೇ ಮುರಿದುಕೊಳ್ಳಬಹುದು! ಇಷ್ಟು ಖಡಕ್ಕಾದ ನಿಯಮ ನಮ್ಮ ಸರ್ಕಾರಿ ಕಚೇರಿಗಳಲ್ಲಿ ಅಪರೂಪ. ತಂತ್ರ ಇರುವುದು ಒಂದೇ ಷರತ್ತಿನಲ್ಲಿ: ಕ್ಲೇಮು ‘ಎಲ್ಲ ರೀತಿಯಲ್ಲೂ ಪೂರ್ಣ’ವಾಗಿರಬೇಕು. ಹತ್ತೊಂಬತ್ತನೆಯ ದಿನ ‘ಹೆಸರು ತಾಳೆಯಾಗುತ್ತಿಲ್ಲ’ ಎಂದು ಹಿಂದಿರುಗಿಸಿದರೆ ಗಡಿಯಾರ ನಿಲ್ಲುತ್ತದೆ. ಮತ್ತೆ ಹಾಕಿದಾಗ ಎಣಿಕೆ ಒಂದರಿಂದ ಶುರು. ಮೂರು ಸಲ ಹೀಗಾಗಿ ನಾಲ್ಕು ತಿಂಗಳು ಕಳೆದರೂ ಕಡತದಲ್ಲಿ ವಿಳಂಬ ಎಂಬುದೇ ಇರುವುದಿಲ್ಲ. ‘ಇಷ್ಟು ಕ್ಲೇಮುಗಳನ್ನು ಅವಧಿಯೊಳಗೇ ಮುಗಿಸಿದ್ದೇವೆ’ ಎಂಬ ಪ್ರಕಟಣೆ ಓದಿದಾಗಲೆಲ್ಲ ಈ ಗಡಿಯಾರವನ್ನು ನೆನಪಿಸಿಕೊಳ್ಳಿ.

ಹೆಸರು ತಾಳೆಯಾಗುವುದೆಂದರೆ ನಮ್ಮಲ್ಲಿ ಸಣ್ಣ ಸಂಗತಿಯೇ? ಲಕ್ಷ್ಮಿಯ ನಡುವೆ ಇಂಗ್ಲಿಷಿನ ಕೆ-ಎಸ್-ಎಚ್ ಬರೆದರೆ ಒಬ್ಬಳು, ಎಕ್ಸ್ ಬರೆದರೆ ಇನ್ನೊಬ್ಬಳು. ಮಂಜುಳ ಊರಿನ ಶಾಲಾ ದಾಖಲೆಯಲ್ಲಿ ಮಂಜುಳಮ್ಮ. ಇನಿಷಿಯಲ್ಲು ಫ್ಯಾಕ್ಟರಿಯ ದಾಖಲೆಯಲ್ಲಿ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ. ಅದು ಅಪ್ಪನ ಹೆಸರಿನದೋ, ಊರಿನದೋ, ಮದುವೆಯಾದ ಮೇಲೆ ಗಂಡನದೋ ಎಂಬುದು ಬೇರೆ ಪ್ರಶ್ನೆ. ಅಂತಿಮ ಇತ್ಯರ್ಥಕ್ಕೆ ಕಾಗದದ ಫಾರಂ 19 ತುಂಬುತ್ತಿದ್ದ ಕಾಲದಲ್ಲಿ ಅರ್ಜಿ ಮೊದಲು ಫ್ಯಾಕ್ಟರಿಯ ಟೈಮ್ ಆಫೀಸಿನವರ ಕಣ್ಣಿಗೆ ಬೀಳುತ್ತಿತ್ತು. ‘ಇದು ನಮ್ಮ ಮಂಜುಳನೇ’ ಎಂದು ತಿದ್ದಿ ಕಳಿಸುತ್ತಿದ್ದರು. ಈಗ ಸೈಬರ್ ಸೆಂಟರ್ ಹುಡುಗ ತುಂಬುತ್ತಾನೆ, ಸಾಫ್ಟ್‌ವೇರ್ ತಿರಸ್ಕರಿಸುತ್ತದೆ. ವಂಚನೆ ತಡೆಯಲು ತಾಳೆ ನೋಡಬೇಕು ನಿಜ. ಆದರೆ ತಿಂಗಳು ತಿಂಗಳೂ ಹಣ ಮುರಿದುಕೊಳ್ಳುವಾಗ ಅಡ್ಡಬಾರದ ಒಂದು ಅಕ್ಷರ ಹಣ ಕೊಡುವಾಗ ಮಾತ್ರ ಅಡ್ಡ ಬರುವುದು ಹೇಗೆ?

ಸುಧಾರಣೆ ಆಗಿಲ್ಲ ಎನ್ನುವುದಿಲ್ಲ. 2025ರ ಜನವರಿಯಿಂದ ಸದಸ್ಯರೇ ಹೆಸರು, ಜನ್ಮದಿನಾಂಕ ತಿದ್ದಿಕೊಳ್ಳಬಹುದು. ಆದರೆ ಆ ಸೌಲಭ್ಯ 2017ರ ಅಕ್ಟೋಬರ್ ನಂತರ ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಪಡೆದವರಿಗೆ. ಹಳಬರಿಗೆ ಮಾಲೀಕರ ಒಪ್ಪಿಗೆ ಬೇಕೇ ಬೇಕು. ಬಾಗಿಲು ಮುಚ್ಚಿದ ಫ್ಯಾಕ್ಟರಿಯ ಮಾಲೀಕನನ್ನು ಎಲ್ಲಿ ಹುಡುಕುವುದು? 2025ರ ಏಪ್ರಿಲ್‌ನಲ್ಲಿ ಅರ್ಜಿಯ ಜೊತೆ ಚೆಕ್ಕಿನ ಚಿತ್ರ ಹಾಕುವ ಕಾಟ ತಪ್ಪಿತು. ಮನುಷ್ಯರ ಕೈ ಸೋಕದೆ ಮುಂಗಡ ಕೊಡುವ ಮಿತಿ ಜೂನ್‌ನಲ್ಲಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಇದೆಲ್ಲ ಒಳ್ಳೆಯದೇ. ಆದರೆ ಆ ವೇಗ ಮುಂಗಡಕ್ಕೆ. ಕೆಲಸ ಹೋದವರಿಗೆ ಶೇ 75 ತಕ್ಷಣ, ಉಳಿದದ್ದು ವರ್ಷದ ನಂತರ ಎಂದು ಸಚಿವಾಲಯ ಸಮಜಾಯಿಷಿ ಕೊಟ್ಟಿತಲ್ಲ, ಆ ಉಳಿದದ್ದು ಬರಬೇಕಾದದ್ದು ಅಂತಿಮ ಇತ್ಯರ್ಥದ ಬಾಗಿಲಿನಿಂದ. ಮೂವರಲ್ಲಿ ಒಬ್ಬರನ್ನು ವಾಪಸ್ ಕಳಿಸಿದ ಬಾಗಿಲು ಅದೇ. ಅದೂ ಒಂದು ವರ್ಷ ಬಿಟ್ಟು, ಎಚ್.ಆರ್. ಬದಲಾಗಿ, ಮೊಬೈಲ್ ನಂಬರ್ ಬದಲಾಗಿ, ತಿದ್ದಿಕೊಡುವವರು ಯಾರೂ ಉಳಿದಿಲ್ಲದ ಹೊತ್ತಿಗೆ!

ಬೆಂಗಳೂರಿಗೆ ಇದು ಹೊಸ ಪಾಠವಲ್ಲ. ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂದು 2016ರ ಫೆಬ್ರುವರಿಯಲ್ಲಿ ಅಧಿಸೂಚನೆ ಬಂತು. ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಮುಂದೆ ನಿಂತು ಕರೆದ ಸಂಘಟನೆ ಇರಲಿಲ್ಲ, ಬಾವುಟವಿರಲಿಲ್ಲ. ಲಾಠಿ ಬೀಸಿದರು, ಬಸ್ಸುಗಳು ಸುಟ್ಟವು. 19ರಂದೇ ಅಂದಿನ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆ ಹಿಂಪಡೆದರು. ಗಾಳಿಸುದ್ದಿ ನಂಬಿ ಬೀದಿಗೆ ಬಂದರು ಎಂದು ಆಗ ಕೆಲವರು ಮೂಗು ಮುರಿದಿದ್ದುಂಟು. ಸಂಖ್ಯೆಗಳನ್ನು ಓದಲು ಬಾರದವರು ಯಾರೆಂಬುದು ಎರಡೇ ದಿನದಲ್ಲಿ ಗೊತ್ತಾಯಿತು. ಗಾರ್ಮೆಂಟ್ಸಿನಲ್ಲಿ ಕೆಲಸ ಬಿಡುವುದು, ಪಿಎಫ್ ಬಿಡಿಸಿಕೊಳ್ಳುವುದು, ಸಾಲ ತೀರಿಸಿಯೋ ಮಕ್ಕಳ ಫೀಸು ಕಟ್ಟಿಯೋ ಪಕ್ಕದ ಫ್ಯಾಕ್ಟರಿಗೆ ಸೇರುವುದು ಹಳೆಯ ರೂಢಿ. ಅವರ ಕೈಗೆ ಬರುವ ಇಡುಗಂಟು ಅದೊಂದೇ.

ಅಂತಿಮ ಇತ್ಯರ್ಥದ ವೇಳೆ ಅರ್ಧದಷ್ಟು ಸದಸ್ಯರ ಖಾತೆಯಲ್ಲಿ 20 ಸಾವಿರ ರೂಪಾಯಿಯೂ ಇರುವುದಿಲ್ಲ ಎಂದು ಸಚಿವಾಲಯವೇ ಹೇಳಿದೆ. ಅದಕ್ಕೇ ಬೀಗ ಬೇಕಂತೆ. ಲೆಕ್ಕ ಹಾಕೋಣ. 20 ಸಾವಿರದ ಕಾಲುಭಾಗ 5 ಸಾವಿರ. 2024–25ಕ್ಕೆ ಕೊಟ್ಟ ಶೇ 8.25ರ ದರದಲ್ಲಿ ಅದರ ಮೇಲೆ ವರ್ಷಕ್ಕೆ ಸಿಗುವ ಬಡ್ಡಿ 412 ರೂಪಾಯಿ ಚಿಲ್ಲರೆ. ಅದೇ 5 ಸಾವಿರವನ್ನು ಕೈಸಾಲ ತಂದರೆ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ, ವರ್ಷಕ್ಕೆ 1,800. ಈ ವ್ಯತ್ಯಾಸಕ್ಕೆ ‘ಸಾಮಾಜಿಕ ಭದ್ರತೆ’ ಎಂದು ಹೆಸರಿಡಲು ಧೈರ್ಯ ಬೇಕು.

ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಎರಡು ವಿಷಯ ಸೇರಲಿ. ತಿರಸ್ಕೃತವಾಗಿ ಆಮೇಲೆ ಮಂಜೂರಾದ ಕ್ಲೇಮುಗಳಿಗೆ 20 ದಿನದ ಎಣಿಕೆ ಮೊದಲ ಅರ್ಜಿಯ ದಿನದಿಂದಲೇ ನಡೆಯಬೇಕು. ಶೇ 12ರ ದಂಡಬಡ್ಡಿ ಅದಕ್ಕೂ ತಗಲಬೇಕು. ಪ್ರತಿ ಪ್ರಾದೇಶಿಕ ಕಚೇರಿ ತಿರಸ್ಕಾರದ ಅಂಕಿಯನ್ನು ಕಾರಣಸಹಿತ ತಿಂಗಳಿಗೊಮ್ಮೆ ಪ್ರಕಟಿಸಬೇಕು. ಮೊದಲು ಅದಾಗಲಿ, ಶೇ 25ರ ಮಾತು ಆಮೇಲೆ.