ಹೌದಪ್ಪಗಳ ನ್ಯಾಯಪೀಠ ನಮಗೆ ಬೇಡ

ಘಾಟಬೋರಾಳದ ಗೇಣಿದಾರನಿಗೆ ದಿಲ್ಲಿಯ ಸುಪ್ರೀಂ ಕೋರ್ಟಿನ ಗೊಡವೆ ಏಕೆಂದು ಕೇಳುವವರಿದ್ದಾರೆ. ಗೊಡವೆ ಇದೆ. 12ನೆಯ ಶತಮಾನದಲ್ಲಿ ನೆರೆಯ ಕಲ್ಯಾಣದ ಅರಸು ಬಿಜ್ಜಳನು ಹರಳಯ್ಯ, ಮಧುವರಸರನ್ನು ಎಳೆಹೂಟೆಗೆ ಗುರಿಮಾಡಿದನೆಂದು ನಮ್ಮ ಜನ ಇಂದಿಗೂ ಹೇಳುತ್ತಾರೆ. ದೂರು ಕೇಳಿದವನೂ ಕೊಲ್ಲಿಸಿದವನೂ ಒಬ್ಬನೇ! 1948ರವರೆಗೆ ಇದೇ ನೆಲದಲ್ಲಿ ನಿಜಾಮನ ಫರ್ಮಾನೇ ಕಾಯಿದೆಯಾಗಿತ್ತು. ಆಳುವವನಿಗೆ ಎದುರಾಡುವ ನ್ಯಾಯಪೀಠವಿಲ್ಲದಿದ್ದರೆ ಬಡವನ ಗತಿ ಏನೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಆದುದರಿಂದಲೇ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರನ್ನು ನೆನೆಯುತ್ತೇವೆ. ಕಾರ್ಕಳ ತಾಲ್ಲೂಕಿನ ಕೌಡೂರಿನ ಈ ವಕೀಲರು 1952ರಲ್ಲಿ ರಾಜ್ಯಸಭೆಗೂ, 1957ರಲ್ಲಿ ಮೈಸೂರು ಹೈಕೋರ್ಟಿಗೂ, 1967ರಲ್ಲಿ ಸುಪ್ರೀಂ ಕೋರ್ಟಿಗೂ ಹೋದರು. ಅವರೇನೂ ನಮ್ಮವರಲ್ಲ. 1970ರಲ್ಲಿ ಬ್ಯಾಂಕು ರಾಷ್ಟ್ರೀಕರಣದ ಕಾಯಿದೆಯನ್ನು ತಳ್ಳಿಹಾಕಿದ ಬಹುಮತದಲ್ಲಿ ಅವರಿದ್ದರು; ಮಾಜಿ ರಾಜರ ರಾಜಧನವನ್ನು ಉಳಿಸಿದ ಬಹುಮತದಲ್ಲೂ ಇದ್ದರು. ಆ ತೀರ್ಪುಗಳನ್ನು ನಾವು ಒಪ್ಪುವುದಿಲ್ಲ. ಆದರೆ ಪ್ರಧಾನಿಯ ಚುನಾವಣೆಯ ವಿರುದ್ಧ ಸಮಾಜವಾದಿ ರಾಜ್ ನಾರಾಯಣರು ಹೂಡಿದ ತಕರಾರಿನಲ್ಲಿ, 1972ರಲ್ಲಿ ಒಂದು ಹಂತದ ತೀರ್ಪನ್ನು ಅರ್ಜಿದಾರರ ಪರವಾಗಿ ಕೊಟ್ಟವರೂ ಅವರೇ.

1973ರ ಏಪ್ರಿಲ್ 24ರಂದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಮೊಕದ್ದಮೆಯ ತೀರ್ಪು ಬಂತು. ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸಬಾರದು ಎಂದರು 13 ಮಂದಿಯಲ್ಲಿ 7 ಮಂದಿ. ಹೆಗ್ಡೆಯವರು ಆ ಏಳರಲ್ಲೊಬ್ಬರು. ಮರುದಿನವೇ ಸರಕಾರವು ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ, ತನ್ನ ಪರ ನಿಂತ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಆರಿಸಿತು. ಮೂವರೂ ರಾಜೀನಾಮೆ ಕೊಟ್ಟರು. ನ್ಯಾಯಾಧೀಶರ ತತ್ತ್ವದೃಷ್ಟಿಯನ್ನೂ ಸರಕಾರ ನೋಡಬೇಕೆಂದು ಮಂತ್ರಿ ಕುಮಾರಮಂಗಲಂ ಲೋಕಸಭೆಯಲ್ಲಿ ವಾದಿಸಿದರು. ಸಮಾಜವಾದದ ಹೆಸರಿನಲ್ಲಿ ಈ ಕೆಲಸ!

ಫಲವೇನಾಯಿತು? 1976ರಲ್ಲಿ ರೇ ಅವರ ನೇತೃತ್ವದ ಪೀಠ, ಖನ್ನಾ ಒಬ್ಬರ ಹೊರತು, ತುರ್ತು ಪರಿಸ್ಥಿತಿಯ ಬಂಧಿಗಳಿಗೆ ಕೋರ್ಟಿನ ಬಾಗಿಲು ಮುಚ್ಚಿತು. ಆಗ ಜೈಲಿನಲ್ಲಿದ್ದವರು ಯಾರು? ಮಧು ದಂಡವತೆಯವರಂಥ ಸಮಾಜವಾದಿಗಳೇ. 1977ರಲ್ಲಿ ಖನ್ನಾರನ್ನೂ ದಾಟಿಯೇ ಮುಖ್ಯ ನ್ಯಾಯಮೂರ್ತಿಯ ನೇಮಕವಾಯಿತು.

ಅಮೆರಿಕದಲ್ಲೂ ಹಿಂದೆ ಇಂಥ ಪರೀಕ್ಷೆ ನಡೆದಿತ್ತು. ಅಲ್ಲಿನ ಸುಪ್ರೀಂ ಕೋರ್ಟಿನ ಸ್ಯಾಮ್ಯುಯೆಲ್ ಚೇಸ್ ಪೀಠದಿಂದಲೇ ಪಕ್ಷದ ಮಾತಾಡುತ್ತಿದ್ದ ಒರಟ. 1804ರಲ್ಲಿ ಅಧ್ಯಕ್ಷ ಜೆಫರ್ಸನ್ನರ ಪಕ್ಷ ಅವನ ಮೇಲೆ ದೋಷಾರೋಪ ಹೊರಿಸಿತು. ಸೆನೆಟ್ಟಿನಲ್ಲಿ ಮೂರರಲ್ಲಿ ಎರಡು ಪಾಲಿಗೂ ಮಿಕ್ಕಿ ಆ ಪಕ್ಷದವರೇ ಇದ್ದರೂ 1805ರಲ್ಲಿ ಅವನು ಪಾರಾದ. ಒಲ್ಲದ ನ್ಯಾಯಾಧೀಶನನ್ನು ಕಿತ್ತೊಗೆಯುವ ಚಾಳಿ ಅಲ್ಲಿಗೆ ನಿಂತಿತು.

ಹೆಗ್ಡೆಯವರು 1977ರಲ್ಲಿ ಚುನಾವಣೆಗೆ ನಿಂತು ಲೋಕಸಭೆಯ ಸ್ಪೀಕರ್ ಆದರಲ್ಲ ಎಂದು ಕೆಲವರು ಮೂದಲಿಸುತ್ತಾರೆ. ಆದರು, ಪೀಠ ಬಿಟ್ಟು ನಾಲ್ಕು ವರ್ಷಗಳ ಮೇಲೆ, ಜನರ ಮತ ಬೇಡಿ. ಸರಕಾರ ಕರೆದು ಕೊಟ್ಟ ಇನಾಮು ಅದಲ್ಲ.

ನಮ್ಮ ಮಾತು ಇಷ್ಟೇ: ಇಂದು ನಮಗೆ ಒಲ್ಲದ ತೀರ್ಪು ಬರೆಯುವ ಎದೆಗಾರನೇ ನಾಳೆ ಸರಕಾರದ ವಿರುದ್ಧ ಗೇಣಿದಾರನ ಪರ ಬರೆಯಬಲ್ಲ. ತೀರ್ಪನ್ನು ಟೀಕಿಸೋಣ, ಕೆಟ್ಟ ಕಾಯಿದೆಯನ್ನು ಬದಲಿಸಲು ಹೋರಾಡೋಣ. ತೀರ್ಪಿಗಾಗಿ ನ್ಯಾಯಾಧೀಶನನ್ನು ದಂಡಿಸುವ ಸರಕಾರವನ್ನು ಮಾತ್ರ, ಅದು ಯಾವ ಬಾವುಟ ಹಿಡಿದು ಬಂದರೂ, ನಾವು ಸಹಿಸಕೂಡದು.